ಬೈಕಿನ ಚೈನು ಎಷ್ಟು ಸಡಿಲ ಇರಬೇಕು? ಬಿಗಿ ಮಾಡಿಸಿದರೂ ಮತ್ತೆ ಲೂಸಾಗುವುದೇಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. 125 ಸಿಸಿ ಬೈಕು, ನಾಲ್ಕು ವರ್ಷ ಹಳೆಯದು. ತೋಟದ ಮಣ್ಣು ರಸ್ತೆ, ಕೊಟ್ಟಿಗೆಹಾರದ ಸಂತೆ, ಆಗಾಗ ಚಾರ್ಮಾಡಿ ಇಳಿದು ಉಜಿರೆ ಎಲ್ಲಕ್ಕೂ ಅದೇ. ಈ ಮಳೆಗಾಲದಲ್ಲಿ ಚೈನು ಎರಡು ವಾರಕ್ಕೊಮ್ಮೆ ಲೂಸಾಗುತ್ತಿದೆ. ಟೈಟ್ ಮಾಡಿಸಿದರೆ ಚಕ್ರ ತಿರುಗಿಸುವಾಗ ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತು ಬೀಳುತ್ತದೆ. ಹಿಂದೆ ಮೂಟೆ ಹಾಕಿಕೊಂಡು ದಿಣ್ಣೆ ಹತ್ತಿದರೆ ಕರಕರ ಸದ್ದು. ಗ್ಯಾರೇಜಿನಲ್ಲಿ "ಬಿಗಿಯಾಗಿದ್ದಷ್ಟೂ ಒಳ್ಳೆಯದು" ಎನ್ನುತ್ತಾರೆ. ನಿಜವೇ? ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂಬ ಮಾತನ್ನು ಮೊದಲು ಬಿಟ್ಟುಬಿಡಿ. ಚೈನು ಸ್ವಲ್ಪ ಸಡಿಲವಿದ್ದರೆ ಸದ್ದು ಮಾಡುತ್ತದೆ, ಹೆಚ್ಚು ಬಿಗಿಯಾಗಿದ್ದರೆ ಸದ್ದಿಲ್ಲದೆ ಬೇರಿಂಗ್ ತಿನ್ನುತ್ತದೆ. 100–125 ಸಿಸಿ ಬೈಕುಗಳಲ್ಲಿ ಕೆಳಗಿನ ಚೈನಿನ ನಟ್ಟನಡುವೆ ಮೇಲೆ ಕೆಳಗೆ ಸೇರಿ 20ರಿಂದ 30 ಮಿ.ಮೀ. ಆಟ (ಅಲುಗಾಡುವಷ್ಟು ಸಡಿಲ) ಇರಬೇಕು. ಇದು ಸಾಮಾನ್ಯ ಅಂದಾಜು. ನಿಮ್ಮ ಬೈಕಿನ ಕೈಪಿಡಿಯಲ್ಲೋ ಚೈನ್ ಕವರಿನ ಮೇಲೆ ಅಂಟಿಸಿದ ಚೀಟಿಯಲ್ಲೋ ಇರುವ ಅಂಕಿಯೇ ಕೊನೆಯ ಮಾತು. ಹಿಂದಿನ ಶಾಕ್ ಅಬ್ಸಾರ್ಬರ್ ಹೆಚ್ಚು ಆಡುವ, ಕಚ್ಚಾ ರಸ್ತೆಗೆಂದೇ ಮಾಡಿದ ಬೈಕುಗಳಿಗೆ ಇನ್ನೂ ಜಾಸ್ತಿ ಆಟ ಬೇಕು.

ಮನೆಯಲ್ಲೇ ಮಾಡಿಕೊಳ್ಳಬಹುದು, ಅರ್ಧ ಗಂಟೆಯ ಕೆಲಸ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ. ಸಡಿಲವಾಗುವುದನ್ನು ಪಾನ (ಸ್ಪ್ಯಾನರ್) ಹಿಡಿದು ಸರಿ ಮಾಡಬಹುದು. ಒಂದು ಕಡೆ ಬಿಗಿ, ಒಂದು ಕಡೆ ಜೋಲು ಎಂಬುದನ್ನು ಯಾವ ಪಾನವೂ ಸರಿ ಮಾಡದು. ಅದು ಚೈನೋ, ಚೈನು ಕೂರುವ ಹಲ್ಲಿನ ಗಾಲಿಯಾದ ಸ್ಪ್ರಾಕೆಟ್ಟೋ ಸವೆದಿರುವ ಗುರುತು. ಅದರ ಪರೀಕ್ಷೆ ಆಮೇಲೆ ಹೇಳುತ್ತೇನೆ.

ಆಟ ಯಾಕೆ ಬೇಕು

ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ತಿರುಗುವ ಬಿಂದು ಒಂದು ಕಡೆ, ಇಂಜಿನ್ನಿನ ಮುಂದಿನ ಸ್ಪ್ರಾಕೆಟ್ ಇರುವುದು ಅದಕ್ಕಿಂತ ತುಸು ಮುಂದೆ. ಎರಡೂ ಒಂದೇ ಬಿಂದುವಿನಲ್ಲಿ ಇಲ್ಲದ ಕಾರಣ ಶಾಕ್ ಅದುಮಿದಂತೆ ಮುಂದಿನ ಸ್ಪ್ರಾಕೆಟ್ಟಿಗೂ ಹಿಂದಿನ ಸ್ಪ್ರಾಕೆಟ್ಟಿಗೂ ನಡುವಿನ ದೂರ ಬದಲಾಗುತ್ತದೆ. ಮುಂದಿನ ಸ್ಪ್ರಾಕೆಟ್ಟಿನ ನಡು, ಸ್ವಿಂಗ್ ಆರ್ಮಿನ ಬೋಲ್ಟು, ಹಿಂದಿನ ಆಕ್ಸಲ್ (ಚಕ್ರದ ಅಚ್ಚು), ಈ ಮೂರೂ ಒಂದೇ ಗೆರೆಗೆ ಬಂದಾಗ ದೂರ ಅತಿ ಹೆಚ್ಚು, ಚೈನು ಅತಿ ಬಿಗಿ. ಸೆಂಟರ್ ಸ್ಟ್ಯಾಂಡ್ ಹಾಕಿದಾಗ ಚಕ್ರ ಕೆಳಕ್ಕೆ ಜೋತುಬಿದ್ದಿರುತ್ತದೆ, ಆಗ ಚೈನು ಸಡಿಲವಾಗಿಯೇ ಕಾಣುತ್ತದೆ. ಅಲ್ಲಿ 10 ಮಿ.ಮೀ. ಆಟ ಬಿಟ್ಟು "ಸರಿಯಾಯಿತು" ಎಂದು ಹೊರಟರೆ, ಹಿಂದೆ ಒಬ್ಬರು ಕೂತು ಜೊತೆಗೆ 50 ಕೆಜಿ ಮೂಟೆಯೂ ಬಿದ್ದು, ತೋಟದ ಗುಂಡಿಯಲ್ಲಿ ಚಕ್ರ ಇಳಿದೆದ್ದಾಗ ಚೈನು ತಂತಿಯಂತೆ ಸೆಟೆಯುತ್ತದೆ. ದಿಣ್ಣೆಯಲ್ಲಿ ನೀವು ಕೇಳುವ ಕರಕರ ಬಹುಮಟ್ಟಿಗೆ ಇದೇ.

ಆ ಎಳೆತವೆಲ್ಲ ಹೋಗುವುದು ಗೇರ್ ಬಾಕ್ಸಿನ ಔಟ್‌ಪುಟ್ ಶಾಫ್ಟಿನ ಬೇರಿಂಗಿಗೆ ಮತ್ತು ಹಿಂದಿನ ಹಬ್ಬಿನ (ಚಕ್ರದ ನಡುಭಾಗದ) ಬೇರಿಂಗಿಗೆ. ಮುಂದಿನ ಸ್ಪ್ರಾಕೆಟ್ಟಿನ ಹಿಂಬದಿಯಿಂದ ಇಂಜಿನ್ ಎಣ್ಣೆ ಒಸರುತ್ತಿದ್ದರೆ, ಎಣ್ಣೆ ಸೀಲು ಹಾಕಿಸಿದರೂ ಮತ್ತೆ ಒಸರುತ್ತಿದ್ದರೆ, ಚೈನು ವರ್ಷಗಟ್ಟಲೆ ಬಿಗಿ ಓಡಿರಬಹುದು ಎಂದು ಅನುಮಾನಪಡಿ. ಚೈನ್ ಕಿಟ್ಟು (ಚೈನು ಮತ್ತು ಎರಡೂ ಸ್ಪ್ರಾಕೆಟ್) ಬದಲಾಯಿಸುವುದು ಅರ್ಧ ದಿನದ ಮಾತು. ಶಾಫ್ಟಿನ ಬೇರಿಂಗಿಗೆ ಇಂಜಿನ್ನೇ ಬಿಚ್ಚಬೇಕು.

ಅತಿಯಾಗಿ ಸಡಿಲವೂ ಕೆಟ್ಟದ್ದೇ. ಚಾರ್ಮಾಡಿಯ ತಿರುವುಗಳಲ್ಲಿ ಗೇರಿನಲ್ಲೇ ಇಳಿಯುವಾಗ ಎಳೆತ ಕೆಳಗಿನ ಚೈನಿಗೆ ಹೋಗುತ್ತದೆ, ಮೇಲಿನದು ಜೋತು ಕವರಿಗೆ ಬಡಿಯುತ್ತದೆ. ಮತ್ತೆ ಆಕ್ಸಿಲರೇಟರ್ ಕೊಟ್ಟ ಕೂಡಲೇ ಝಟಕ. ಆಟ 50 ಮಿ.ಮೀ. ದಾಟಿದರೆ ಚೈನು ಹಲ್ಲಿನ ಮೇಲೆ ಹತ್ತುವ, ಕಳಚಿ ಮುಂದಿನ ಸ್ಪ್ರಾಕೆಟ್ಟಿಗೂ ಇಂಜಿನ್ ಕೇಸಿಗೂ ನಡುವೆ ಸಿಕ್ಕಿ ಕೇಸನ್ನೇ ಒಡೆಯುವ ಅಪಾಯವಿದೆ. ಆದರೂ ನಿಗದಿತ ಮಿತಿಯೊಳಗೆ ಯಾವ ಕಡೆ ಇಡಲಿ ಎಂದು ಕೇಳಿದರೆ, ಭಾರ ಹೊರುವ ಮಲೆನಾಡಿನ ಬೈಕಿಗೆ ಸಡಿಲದ ಕಡೆಯೇ ಇಡಿ. ಮಿತಿ 20–30 ಇದ್ದರೆ 28ಕ್ಕೆ ನಿಲ್ಲಿಸಿ.

ಅಳೆಯುವುದು

ಇಂಜಿನ್ ಆಫ್, ಬೀಗದ ಕೈ ಜೇಬಿನಲ್ಲಿ, ಗೇರು ನ್ಯೂಟ್ರಲ್. ಇಂಜಿನ್ ಚಾಲೂ ಇಟ್ಟು ಚಕ್ರ ತಾನೇ ತಿರುಗುವಾಗ ಬಟ್ಟೆ ಹಿಡಿದು ಚೈನು ಒರೆಸುವವರನ್ನು ನೋಡಿರುತ್ತೀರಿ. ಬಟ್ಟೆಯ ಹಿಂದೆಯೇ ಬೆರಳು ಸ್ಪ್ರಾಕೆಟ್ಟಿನೊಳಗೆ ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಪೂರ್ತಿ ಮುಚ್ಚಿದ ಕವರ್ ಇದ್ದರೆ ಕೆಳಗೆ ರಬ್ಬರ್ ಬಿರಡೆ ಹಾಕಿದ ಒಂದು ಕಿಂಡಿ ಇರುತ್ತದೆ, ಅದನ್ನು ತೆಗೆದರೆ ಚೈನು ಸಿಗುತ್ತದೆ. ಎರಡು ಸ್ಪ್ರಾಕೆಟ್ಟುಗಳ ನಡುಮಧ್ಯೆ ಸ್ಟೀಲ್ ಪಟ್ಟಿ ನೆಟ್ಟಗೆ ಹಿಡಿದು, ಒಂದು ಬೆರಳಿನಿಂದ ಚೈನನ್ನು ಕೆಳಕ್ಕೆ ಅದುಮಿ ಅಂಕಿ ನೋಡಿ, ಮೇಲಕ್ಕೆತ್ತಿ ಮತ್ತೆ ನೋಡಿ. ಎರಡರ ವ್ಯತ್ಯಾಸವೇ ಆಟ. ಒಂದೇ ಜಾಗದಲ್ಲಿ ಅಳೆದು ಮುಗಿಸಬೇಡಿ. ಚಕ್ರವನ್ನು ಕಾಲು ಸುತ್ತು ತಿರುಗಿಸುತ್ತಾ, ಚೈನು ಒಂದು ಪೂರ್ತಿ ಪ್ರದಕ್ಷಿಣೆ ಹಾಕುವವರೆಗೆ ಅಳೆಯಿರಿ. ಅದಕ್ಕೆ ಚಕ್ರ ಸುಮಾರು ಮೂರು ಸುತ್ತು ಬರಬೇಕು. ಅತಿ ಬಿಗಿ ಇರುವ ಕಡೆ ಟಯರಿನ ಮೇಲೂ ಚೈನಿನ ಮೇಲೂ ಸೀಮೆಸುಣ್ಣದ ಗುರುತು ಹಾಕಿ. ಹೊಂದಾಣಿಕೆ ಮಾಡಬೇಕಾದದ್ದು ಆ ಬಿಗಿ ಜಾಗದಲ್ಲಿ. ಜೋತುಬಿದ್ದ ಜಾಗ ನೋಡಿ ಬಿಗಿದರೆ ಬಿಗಿ ಜಾಗದಲ್ಲಿ ಆಟವೇ ಉಳಿಯದು. ಗ್ಯಾರೇಜಿನಲ್ಲಿ ಅವಸರದಲ್ಲಿ ಆಗುವ ತಪ್ಪು ಹೆಚ್ಚಾಗಿ ಇದೇ.

ಸೆಂಟರ್ ಸ್ಟ್ಯಾಂಡಿನಲ್ಲೋ ಸೈಡ್ ಸ್ಟ್ಯಾಂಡಿನಲ್ಲೋ ಎಂಬುದನ್ನೂ ಕೈಪಿಡಿಯಲ್ಲಿ ನೋಡಿಕೊಳ್ಳಿ. ಎರಡರಲ್ಲಿ ಅಂಕಿ ಬೇರೆ ಬರುತ್ತದೆ.

ಬಿಗಿಯುವುದು

ಇಲ್ಲಿ ಒಂದು ಲೆಕ್ಕ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಎರಡು ಸ್ಪ್ರಾಕೆಟ್ಟುಗಳ ನಡುವಿನ ಚೈನು ಸುಮಾರು 55 ಸೆಂ.ಮೀ. ಉದ್ದ ಎಂದಿಟ್ಟುಕೊಳ್ಳಿ. 50 ಮಿ.ಮೀ. ಇರುವ ಆಟವನ್ನು 25ಕ್ಕೆ ಇಳಿಸಲು ಆಕ್ಸಲ್ ಹಿಂದಕ್ಕೆ ಸರಿಯಬೇಕಾದದ್ದು ಒಂದು ಮಿ.ಮೀ.ಗಿಂತಲೂ ಕಡಿಮೆ. 25ರಿಂದ ಪೂರ್ತಿ ಬಿಗಿಯಾಗಲು ಇನ್ನು ಕಾಲು ಮಿ.ಮೀ. ಚಿಲ್ಲರೆ ಸಾಕು. ಆಕ್ಸಲನ್ನು ಹಿಂದಕ್ಕೆ ಸರಿಸುವ ಅಡ್ಜಸ್ಟರಿನ ಬೋಲ್ಟು 8 ಮಿ.ಮೀ.ದ್ದಾಗಿದ್ದರೆ ಒಂದು ಸುತ್ತಿಗೆ 1.25 ಮಿ.ಮೀ. ಸರಿಯುತ್ತದೆ. ಅಂದರೆ ನಿಮ್ಮ ಇಡೀ ಹೊಂದಾಣಿಕೆ ಮುಕ್ಕಾಲು ಸುತ್ತಿನೊಳಗೆ ಮುಗಿಯುತ್ತದೆ, ಕೊನೆಯಲ್ಲಿ ಕಾಲು ಸುತ್ತು ಹೆಚ್ಚಾದರೆ ಚೈನು ಸೆಟೆದು ನಿಲ್ಲುತ್ತದೆ. ಹಾಗಾಗಿ ಮೊದಲಿಗೆ ಕಾಲು ಸುತ್ತು, ಅಂಕಿ ಹತ್ತಿರ ಬಂದ ಮೇಲೆ ನಟ್ಟಿನ ಆರು ಮುಖಗಳಲ್ಲಿ ಒಂದೊಂದೇ ಮುಖದಷ್ಟು ತಿರುಗಿಸಿ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ.

ಕೆಲಸದ ಕ್ರಮ ಹೀಗೆ. ಆಕ್ಸಲ್ ನಟ್ಟಿಗೆ ಸೀಳು ಪಿನ್ನು ಇದ್ದರೆ ಮೊದಲು ಅದನ್ನು ತೆಗೆಯಿರಿ. ನಟ್ಟನ್ನು ಪೂರ್ತಿ ಬಿಚ್ಚಬೇಡಿ, ಆಕ್ಸಲ್ ಜರುಗುವಷ್ಟು ಸಡಿಲಿಸಿದರೆ ಸಾಕು. ಕೆಲವು ಬೈಕುಗಳಲ್ಲಿ ಎಡಗಡೆ, ಸ್ಪ್ರಾಕೆಟ್ಟಿನ ಬದಿಯಲ್ಲಿ, ದೊಡ್ಡದೊಂದು ಸ್ಲೀವ್ ನಟ್ಟೂ ಇರುತ್ತದೆ. ಅದನ್ನು ಸಡಿಲಿಸದೆ ಅಡ್ಜಸ್ಟರ್ ತಿರುಗಿಸಿದರೆ ಬಲಗಡೆ ಮಾತ್ರ ಸರಿದು ಚಕ್ರ ಸೊಟ್ಟಗಾಗುತ್ತದೆ. ಡ್ರಮ್ ಬ್ರೇಕಿನ ಫಲಕವನ್ನು ಹಿಡಿದ ಟಾರ್ಕ್ ಆರ್ಮಿನ ನಟ್ಟನ್ನೂ ತುಸು ಸಡಿಲಿಸಿ. ಅಡ್ಜಸ್ಟರಿನ ಲಾಕ್ ನಟ್ಟು ಬಿಟ್ಟು, ಹೇಳಿದಂತೆ ಎರಡೂ ಬದಿ ಸಮನಾಗಿ ತಿರುಗಿಸಿ. ಹಳೆಯ ಬುಲೆಟ್ಟಿನಂಥ ಬೈಕುಗಳಲ್ಲಿ ಬೋಲ್ಟಿನ ಬದಲು ಬಸವನಹುಳುವಿನ ಚಿಪ್ಪಿನಾಕಾರದ ಕ್ಯಾಮ್ ಇರುತ್ತದೆ. ಅದರಲ್ಲಿ ಎರಡೂ ಬದಿ ಒಂದೇ ಸಂಖ್ಯೆಯ ಕಚ್ಚಿಗೆ ಕೂರಿಸಿ.

ಆಟ ಬೇಕಾದ್ದಕ್ಕಿಂತ ಕಡಿಮೆಯಾಗಿ ಹೋದರೆ ಅಡ್ಜಸ್ಟರ್ ಹಿಂದಕ್ಕೆ ಬಿಟ್ಟರೆ ಸಾಲದು, ಚಕ್ರ ತಾನಾಗಿ ಮುಂದೆ ಬಾರದು. ಹಿಂದಿನಿಂದ ಟಯರಿಗೆ ಅಂಗೈಯಿಂದ ಗುದ್ದಿ ಆಕ್ಸಲನ್ನು ಅಡ್ಜಸ್ಟರಿಗೆ ತಾಗುವಂತೆ ಮುಂದಕ್ಕೆ ಕೂರಿಸಿ, ಮತ್ತೆ ಬಿಗಿಯುತ್ತಾ ಬನ್ನಿ. ಆಕ್ಸಲ್ ನಟ್ಟು ಕೊನೆಯದಾಗಿ ಬಿಗಿಯುವ ಮುನ್ನವೂ ಹೀಗೆ ಒಮ್ಮೆ ಗುದ್ದುವುದು ಒಳ್ಳೆಯದು.

ಸ್ವಿಂಗ್ ಆರ್ಮಿನ ಮೇಲಿನ ಗೀಟುಗಳನ್ನು ನಂಬಬಹುದೇ? ಸಾಮಾನ್ಯವಾಗಿ ನಂಬಬಹುದು. ಬಿದ್ದ ಬೈಕು, ಬೆಸುಗೆ ಕಂಡ ಬೈಕು ಆದರೆ ಬೇಡ. ಆಗ ಸ್ವಿಂಗ್ ಆರ್ಮಿನ ಬೋಲ್ಟಿನ ನಡುವಿನಿಂದ ಆಕ್ಸಲಿನ ನಡುವಿನವರೆಗೆ ಎರಡೂ ಬದಿ ಟೇಪಿನಲ್ಲಿ ಅಳೆದು ಸಮ ಮಾಡಿ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಒಂದೇ ಪಕ್ಕ ಮಿರಮಿರ ಹೊಳೆಯುತ್ತಿದ್ದರೆ ಚಕ್ರ ಸೊಟ್ಟಗೆ ಓಡಿದೆ ಎಂದೇ ಅರ್ಥ.

ಈಗ ಆಕ್ಸಲ್ ನಟ್ಟು. ಕೈಪಿಡಿಯ ಅಂಕಿ ನೋಡಿ. ಸಣ್ಣ ಬೈಕುಗಳಲ್ಲಿ ಅದು ಸಾಮಾನ್ಯವಾಗಿ 50–70 ನ್ಯೂಟನ್ ಮೀಟರ್ ಆಸುಪಾಸು. ಬಿಗಿತ ಅಳೆಯುವ ಟಾರ್ಕ್ ಪಾನ ಇಲ್ಲದಿದ್ದರೆ, ಕಾಲು ಮೀಟರ್ ಉದ್ದದ ಪಾನದ ತುದಿಯಲ್ಲಿ 24 ಕೆಜಿ ಭಾರ ಬಿಟ್ಟರೆ ಸುಮಾರು 60 ಆಗುತ್ತದೆ. ತೋಳಿನ ಗಟ್ಟಿ ಎಳೆತ ಅದು. ಪೈಪು ಸೇರಿಸಿ ಮೇಲೆ ನಿಂತು ತುಳಿಯುವುದು ಬೇಡ. ಬಿಗಿದ ಮೇಲೆ ಆಟವನ್ನು ಮತ್ತೊಮ್ಮೆ ಅಳೆಯಿರಿ, ನಟ್ಟು ಕಚ್ಚುವಾಗ ಆಕ್ಸಲ್ ತುಸು ಸರಿದು ಐದಾರು ಮಿ.ಮೀ. ವ್ಯತ್ಯಾಸ ಬರುವುದು ಮಾಮೂಲು. ಸ್ಲೀವ್ ನಟ್ಟು, ಟಾರ್ಕ್ ಆರ್ಮ್ ನಟ್ಟು, ಲಾಕ್ ನಟ್ಟುಗಳನ್ನು ಬಿಗಿದು ಹೊಸ ಸೀಳು ಪಿನ್ನು ಹಾಕಿ.

ಇಷ್ಟಾದ ಮೇಲೆ ಜನ ಮರೆಯುವುದು ಬ್ರೇಕು. ಚಕ್ರ ಹಿಂದೆ ಹೋದಷ್ಟೂ ಬ್ರೇಕ್ ರಾಡು ಎಳೆದುಕೊಂಡು ಪೆಡಲಿನ ಆಟ ಕಡಿಮೆಯಾಗುತ್ತದೆ. ಹಾಗೇ ಓಡಿಸಿದರೆ ಘಾಟಿ ಇಳಿಯುವಷ್ಟರಲ್ಲಿ ಡ್ರಮ್ ಕಾಯುತ್ತದೆ, ಬ್ರೇಕು ಹಿಡಿತ ಬಿಡುತ್ತದೆ. ಪೆಡಲಿಗೆ 20–30 ಮಿ.ಮೀ. ಆಟ ಬರುವಂತೆ ರಾಡಿನ ನಟ್ಟು ಬಿಡಿ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ, ಬ್ರೇಕ್ ದೀಪ ಸರಿಯಾದ ಹೊತ್ತಿಗೆ ಹತ್ತಿ ಆರುತ್ತದೆಯೇ ಎಂಬುದನ್ನೂ ನೋಡಿ.

ಕೊನೆಗೆ, ನೀವು ದಿನವೂ ಹೊರುವ ಭಾರ ಹೇರಿ, ಇಬ್ಬರನ್ನು ಕೂರಿಸಿ ಮತ್ತೆ ಚೈನು ಮುಟ್ಟಿ. ಆಗಲೂ ಬೆರಳಿಗೆ 10 ಮಿ.ಮೀ.ನಷ್ಟಾದರೂ ಆಟ ಸಿಗಬೇಕು. ಸಿಗದಿದ್ದರೆ ಒಂದು ಮುಖ ಬಿಡಿ.

ಎರಡು ವಾರಕ್ಕೆ ಮತ್ತೆ ಲೂಸು ಏಕೆ

ಹೊಂದಾಣಿಕೆ ಮುಗಿದ ಕೂಡಲೇ ಎಡ ಬಲ ಎರಡೂ ಕಡೆ ಅಡ್ಜಸ್ಟರಿನ ಮೇಲೂ ಸ್ವಿಂಗ್ ಆರ್ಮಿನ ಮೇಲೂ ಸೇರುವಂತೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮತ್ತೆ ಲೂಸಾದಾಗ ಗೆರೆ ನೋಡಿ. ಗೆರೆ ಮುರಿದು ಸರಿದಿದ್ದರೆ ಆಕ್ಸಲ್ಲೇ ಜರುಗಿದೆ. ನಟ್ಟಿನ ಬಿಗಿ ಸಾಲದಾಗಿದೆ, ಇಲ್ಲವೇ ಲಾಕ್ ನಟ್ಟು ಬಿಟ್ಟಿದೆ. ಚೈನು ಎಡಗಡೆ ಇರುವುದರಿಂದ ಮೊದಲು ಜರುಗುವುದೂ ಎಡಗಡೆಯೇ. ಗೆರೆ ಇದ್ದಲ್ಲೇ ಇದ್ದು ಚೈನು ಮಾತ್ರ ಜೋತಿದ್ದರೆ ಚೈನೇ ಸವೆಯುತ್ತಿದೆ.

ಚೈನಿನ ಫಲಕಗಳು ಎಳೆದು ಉದ್ದವಾಗುವುದಿಲ್ಲ. ಪಿನ್ನು ಮತ್ತು ಅದರ ಸುತ್ತಲಿನ ಬುಷ್ಷು ಸವೆದು, ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಜಾಗವಾಗುತ್ತದೆ. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವ 428 ಅಳತೆಯ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ 12.7 ಮಿ.ಮೀ. ಅಂತರ. 118 ಕೊಂಡಿಯ ಚೈನು ಸುಮಾರು ಒಂದೂವರೆ ಮೀಟರ್. ಕೊಂಡಿಗೆ 0.1 ಮಿ.ಮೀ. ಸವೆದರೂ ಒಟ್ಟು 12 ಮಿ.ಮೀ.ನಷ್ಟು ಬೆಳೆಯಿತು, ಆಕ್ಸಲ್ 6 ಮಿ.ಮೀ. ಹಿಂದೆ ಹೋಗಬೇಕಾಯಿತು.

ಅಳೆಯುವ ರೀತಿ ಸುಲಭ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದನೇ ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿಗೆ ಅಳೆಯಿರಿ. ಹೊಸದು 254 ಮಿ.ಮೀ. ಬರುತ್ತದೆ. 257 ಆಗಿದ್ದರೆ ಹೊಸ ಕಿಟ್ಟಿಗೆ ಹಣ ಹೊಂದಿಸಿಕೊಳ್ಳಿ, 259 ಮುಟ್ಟಿದ್ದರೆ ಅದರಲ್ಲಿ ಘಾಟಿ ಇಳಿಯಬೇಡಿ. ಮೂರು ನಾಲ್ಕು ಬೇರೆ ಬೇರೆ ಜಾಗದಲ್ಲಿ ಅಳೆಯಿರಿ, ಏಕೆಂದರೆ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬಿಗಿ–ಜೋಲು ಬರುವುದೇ ಅದರಿಂದ.

ಆ ಬಿಗಿ–ಜೋಲಿನ ಮೂಲ ಚೈನೋ ಸ್ಪ್ರಾಕೆಟ್ಟೋ ಎಂದು ತಿಳಿಯಲು ಮೊದಲು ಹಾಕಿದ ಸೀಮೆಸುಣ್ಣದ ಗುರುತುಗಳು ಸಾಕು. ಚಕ್ರ ತಿರುಗಿಸುತ್ತಾ ಹೋಗಿ. ಪ್ರತಿ ಸುತ್ತಿಗೂ ಟಯರಿನ ಅದೇ ಗುರುತಿನಲ್ಲಿ ಬಿಗಿಯಾದರೆ ಹಿಂದಿನ ಸ್ಪ್ರಾಕೆಟ್ ಅಥವಾ ಹಬ್ಬು ನಡು ತಪ್ಪಿದೆ. ಚೈನಿನ ಗುರುತು ಒಂದು ಪೂರ್ತಿ ಪ್ರದಕ್ಷಿಣೆ ಮುಗಿಸಿ ಅದೇ ಜಾಗಕ್ಕೆ ಬಂದಾಗ ಮಾತ್ರ ಬಿಗಿಯಾದರೆ ಚೈನಿನದೇ ತೊಂದರೆ. 118 ಕೊಂಡಿ, 42 ಹಲ್ಲಿನ ಸ್ಪ್ರಾಕೆಟ್ ಇದ್ದರೆ ಅದು ಸುಮಾರು 2.8 ಸುತ್ತಿಗೊಮ್ಮೆ. ಚಕ್ರದ ಒಂದೇ ಸುತ್ತಿನಲ್ಲಿ ಮೂರು ಬಾರಿ ಬಿಗಿಯಾದರೆ ಮುಂದಿನ 14 ಹಲ್ಲಿನದನ್ನು ನೋಡಿ. ಅತಿ ಬಿಗಿ ಜಾಗಕ್ಕೂ ಅತಿ ಸಡಿಲ ಜಾಗಕ್ಕೂ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರುತ್ತಿದ್ದರೆ ಆ ಚೈನನ್ನು ಹೊಂದಿಸುತ್ತಾ ಕೂರುವುದು ವ್ಯರ್ಥ.

ಬದಲಾಯಿಸುವ ಮುಂಚೆ ಒಂದು ಕೆಲಸ ಮಾಡಿ, ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿ ನೋಡಿ. ಮಳೆಗಾಲದಲ್ಲಿ ಕೆಮ್ಮಣ್ಣು, ಎಣ್ಣೆ, ಕಾಫಿ ತೋಟದ ತರಗೆಲೆ ಸೇರಿ ಅಲ್ಲಿ ಗಟ್ಟಿ ಹೆಂಟೆ ಕಟ್ಟಿರುತ್ತದೆ. ಅದು ಚೈನಿಗೆ ಒತ್ತಿಯೂ ಕರಕರ ಬರುತ್ತದೆ. ಕೆಲವೊಮ್ಮೆ ತುಕ್ಕು ಹಿಡಿದ ಒಂದೆರಡು ಕೊಂಡಿ ಮಡಚಿದಂತೆ ನಿಂತಿರುತ್ತವೆ, ಸೀಮೆಎಣ್ಣೆಯಲ್ಲಿ ನೆನೆಸಿ ಬೆರಳಿನಿಂದ ಅತ್ತಿತ್ತ ಆಡಿಸಿದರೆ ಬಿಡಬಹುದು. ಬಿಡದಿದ್ದರೆ ಚೈನು ಮುಗಿಯಿತು.

ಎಣ್ಣೆ

ಮಲೆನಾಡಿನಲ್ಲಿ ಚೈನು ಬೇಗ ಹೋಗುವುದಕ್ಕೆ ಬಿಗಿತಕ್ಕಿಂತ ದೊಡ್ಡ ಕಾರಣ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಲ ನೆನೆದರೂ ಸಾದಾ ಚೈನಿನ ಎಣ್ಣೆ ತೊಳೆದುಹೋಗುತ್ತದೆ, ಒಳಗೆ ಮರಳು ಸೇರಿ ಪಿನ್ನನ್ನು ಅರೆಯುತ್ತದೆ. ಒಣ ದಿನಗಳಲ್ಲಿ 500 ಕಿ.ಮೀ.ಗೊಮ್ಮೆ ಸಾಕು, ಮಳೆಯಲ್ಲಿ ನೆನೆದ ದಿನ ಮಾತ್ರ ಅದೇ ಸಂಜೆ ಒರೆಸಿ ಎಣ್ಣೆ ಹಾಕಬೇಕು. ಮುಚ್ಚಿದ ಕವರಿನ ಸಾದಾ ಚೈನಿಗೆ 90 ನಂಬರಿನ ಗೇರ್ ಎಣ್ಣೆಯೇ ಸಾಕು, ದುಬಾರಿ ಸ್ಪ್ರೇ ಬೇಕೇ ಬೇಕೆಂದಿಲ್ಲ. ಕೆಳಗಿನ ಚೈನಿನ ಒಳಮೈಗೆ, ಫಲಕ ಫಲಕಗಳ ಸಂದಿಗೆ, ಹನಿಹನಿಯಾಗಿ ಹಾಕಿ, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸಿ. ಇಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನು ಚೈನಿಗೆ ಸುರಿಯುವ ರೂಢಿ ನಮ್ಮಲ್ಲಿ ಬಹಳ. ಅದರಲ್ಲಿ ಮಸಿ, ಲೋಹದ ಪುಡಿ, ಆಮ್ಲ ಎಲ್ಲ ಇರುತ್ತದೆ, ಬೇಡ.

ಕೊಂಡಿಗಳ ಸಂದಿಯಲ್ಲಿ ಸಣ್ಣ ರಬ್ಬರ್ ಉಂಗುರ ಕಾಣುವ ಚೈನಾದರೆ ಗ್ರೀಸು ಒಳಗೇ ಮುಚ್ಚಿರುತ್ತದೆ. ಅದಕ್ಕೆ ಪೆಟ್ರೋಲು, ತಂತಿ ಬ್ರಷ್ಷು, ಸರ್ವಿಸ್ ಸ್ಟೇಷನ್ನಿನ ಜೋರು ನೀರು ತಾಗಿಸಬೇಡಿ. ಸೀಮೆಎಣ್ಣೆ, ಮೆತ್ತನೆ ಬ್ರಷ್ಷು, ಬಟ್ಟೆ ಸಾಕು.

ತೋಟದವರಿಗೆಂದೇ ಇನ್ನೊಂದು ಮಾತು. ಬೈಕಿನಲ್ಲಿ ಬೋರ್ಡೋ ದ್ರಾವಣದ ಕ್ಯಾನು, ಮೈಲುತುತ್ತ, ಪೊಟ್ಯಾಷ್ ಚೀಲ ಸಾಗಿಸುತ್ತೀರಾದರೆ ಚೆಲ್ಲಿದ್ದನ್ನು ಆಗಿಂದಾಗ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕಿ. ಮೈಲುತುತ್ತ ಕಬ್ಬಿಣವನ್ನು ನೇರವಾಗಿ ತಿನ್ನುತ್ತದೆ, ಪೊಟ್ಯಾಷಿನ ಕ್ಲೋರೈಡು ತುಕ್ಕನ್ನು ಎಬ್ಬಿಸುತ್ತದೆ. ಒಂದು ವಾರ ಹಾಗೇ ಬಿಟ್ಟರೂ ಕೊಂಡಿಗಳು ಕಚ್ಚಿಕೊಳ್ಳುತ್ತವೆ.

ನಿಮ್ಮ ಬೈಕಿಗೆ

ನಾಲ್ಕು ವರ್ಷ, ತೋಟದ ರಸ್ತೆ, ಎರಡು ವಾರಕ್ಕೊಮ್ಮೆ ಲೂಸು, ಜೊತೆಗೆ ಬಿಗಿ–ಜೋಲು. ನೀವು ಹೇಳಿದ ಲಕ್ಷಣಗಳೆಲ್ಲ ಮುಗಿದ ಚೈನಿನ ಕಡೆಗೇ ಬೊಟ್ಟು ಮಾಡುತ್ತವೆ. 21 ಪಿನ್ನಿನ ಅಳತೆ ತೆಗೆದು ಖಚಿತಪಡಿಸಿಕೊಂಡು, ಚೈನು ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಾಯಿಸಿ. ಕೊಕ್ಕೆಯಂತೆ ಬಾಗಿದ ಹಳೇ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಉಳಿಸಿದ ದುಡ್ಡು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಚಕ್ರ ಹೇಗೂ ಹೊರಗೆ ಬರುವುದರಿಂದ ಹಬ್ಬಿನೊಳಗಿನ ರಬ್ಬರುಗಳನ್ನೂ ನೋಡಿಸಿ. ಅವು ಸವೆದಿದ್ದರೆ ಸ್ಪ್ರಾಕೆಟ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿದಾಗಲೇ ಗಟಗಟ ಎನ್ನುತ್ತದೆ, ಆ ಝಟಕವನ್ನು ಜನ ಚೈನು ಲೂಸೆಂದು ತಿಳಿದು ಸುಮ್ಮನೆ ಬಿಗಿಯುತ್ತಿರುತ್ತಾರೆ. ಸ್ವಿಂಗ್ ಆರ್ಮಿನ ಬುಷ್ಷಿನ ಆಟವನ್ನೂ ಅದೇ ಹೊತ್ತಿಗೆ ಪರೀಕ್ಷಿಸಿ, ಹಿಂದಿನ ತುದಿ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿದರೆ ಗೊತ್ತಾಗುತ್ತದೆ.

ಹೊಸ ಚೈನು ಕ್ಲಿಪ್ಪಿನ ಲಾಕಿನದ್ದಾದರೆ, ಮೇಲಿನ ಚೈನಿನಲ್ಲಿ ನೋಡಿದಾಗ ಕ್ಲಿಪ್ಪಿನ ಮುಚ್ಚಿದ ತುದಿ ಬೈಕಿನ ಮುಂಭಾಗಕ್ಕೆ ಇರಬೇಕು. ಗ್ಯಾರೇಜಿನಿಂದ ಹೊರಡುವ ಮುಂಚೆ ಅದನ್ನು ನೀವೇ ಬಗ್ಗಿ ನೋಡಿಕೊಳ್ಳಿ. ಹೊಸ ಚೈನು ಮೊದಮೊದಲು ಕೂರುವಾಗ ಸ್ವಲ್ಪ ಸಡಿಲಾಗುವುದು ಸಹಜ. 500 ಕಿ.ಮೀ.ಗೆ ಒಮ್ಮೆ ಅಳೆದು ಹೊಂದಿಸಿದ ಮೇಲೂ ಎರಡು ವಾರಕ್ಕೆ ಜೋತುಬಿದ್ದರೆ ಉಗುರುಬಣ್ಣದ ಗೆರೆ ನೋಡಿ. ಆಗ ತೊಂದರೆ ಇರುವುದು ಆಕ್ಸಲ್ ನಟ್ಟಿನಲ್ಲಿ.